ತಾರಸಿಯಿಂದ ಉತ್ತರ: ಚಂದ್ರನ ಹಿಂದೆ ಅಡಗುವ ನಕ್ಷತ್ರಗಳು

ಸಂಜೆ ಅರ್ಧಚಂದ್ರನ ಪಕ್ಕ ಒಂದು ನಕ್ಷತ್ರ ಇತ್ತು. ನೋಡುತ್ತಿದ್ದ ಹಾಗೇ ಮಾಯವಾಯಿತು. ಮೋಡ ಇರಲಿಲ್ಲ, ಚಂದ್ರ ಅದಕ್ಕೆ ತಾಗಿಯೂ ಇರಲಿಲ್ಲ. ಏನಿದು? (ತುಮಕೂರು)

ತಾಗಿತ್ತು, ನಿಮಗೆ ಕಾಣದ ಕಡೆ! ಶುಕ್ಲಪಕ್ಷದಲ್ಲಿ ಚಂದ್ರನ ಪೂರ್ವದಂಚು ಕತ್ತಲಲ್ಲಿರುತ್ತದೆ. ಚಂದ್ರ ನಕ್ಷತ್ರಗಳ ನಡುವೆ ಸರಿಯುವುದೂ ಪೂರ್ವಕ್ಕೇ, ಗಂಟೆಗೆ ಸುಮಾರು ತನ್ನಗಲದಷ್ಟು. ಹಾಗಾಗಿ ಆ ಕಪ್ಪು ಅಂಚೇ ಮೊದಲು ಹೋಗಿ ನಕ್ಷತ್ರವನ್ನು ಮುಚ್ಚುತ್ತದೆ. ಇದನ್ನು ಆಚ್ಛಾದನೆ ಎನ್ನುತ್ತೇವೆ. ಚಂದ್ರನಿಗೆ ಗಾಳಿಯ ಹೊದಿಕೆ ಇಲ್ಲ. ನಕ್ಷತ್ರವೋ ನಮಗೆ ಬರೀ ಚುಕ್ಕಿ. ಅದಕ್ಕೇ ಮಸುಕಾಗುತ್ತಾ ಹೋಗುವುದಿಲ್ಲ, ಕರೆಂಟ್ ಹೋದ ಹಾಗೆ ಥಟ್ಟನೆ ಹೋಗುತ್ತದೆ. ಗುರುಗ್ರಹವಾದರೆ ಪೂರ್ತಿ ಮುಚ್ಚಲು ಒಂದು ನಿಮಿಷಕ್ಕಿಂತ ಜಾಸ್ತಿ ಬೇಕು. ಎಷ್ಟು ಸಲ ನೋಡಿದರೂ ಆ ಕ್ಷಣಕ್ಕೆ ನನ್ನ ಬಾಯಿಂದ "ಅಯ್ಯೋ" ಬಂದೇ ಬರುತ್ತದೆ. ಕೆಳಗಿನಿಂದ ಹೆಂಡತಿ "ಹೋಯ್ತಾ?" ಅಂತ ಕೇಳುತ್ತಾಳೆ.

ಇದನ್ನೆಲ್ಲ ನೋಡಲು ಎಷ್ಟು ದೊಡ್ಡ ಟೆಲಿಸ್ಕೋಪ್ ಕೊಳ್ಳಬೇಕು? (ಶಿರಸಿ)

ಈಗಲೇ ಕೊಳ್ಳಬೇಡಿ. ಅಟ್ಟ ಸೇರಿದ ಟೆಲಿಸ್ಕೋಪುಗಳನ್ನು ಬೇಕಾದಷ್ಟು ನೋಡಿದ್ದೇನೆ. 10×50 ಬೈನಾಕ್ಯುಲರ್ (ಹತ್ತು ಪಟ್ಟು ಹಿಗ್ಗಿಸುವ, 50 ಮಿ.ಮೀ. ಮಸೂರದ್ದು) ಸಾಕು. ಮೊಣಕೈಯನ್ನು ತಾರಸಿಯ ಗೋಡೆಗೆ ಊರಿ ಹಿಡಿದರೆ ಅಲುಗಾಡುವುದೂ ಕಡಿಮೆ.

ದಿನ ಗೊತ್ತುಮಾಡಲು ಗೋಡೆಯ ಕ್ಯಾಲೆಂಡರ್ ಇದೆಯಲ್ಲ, ಅಲ್ಲೇ ಶುರು ಮಾಡಿ. ಕೃತ್ತಿಕಾ, ರೋಹಿಣಿ, ಮಖಾ, ಚಿತ್ತಾ ಎಂದು ಬರೆದ ದಿನ ಚಂದ್ರ ಆ ನಕ್ಷತ್ರದ ಆಸುಪಾಸಿನಲ್ಲೇ ಇರುತ್ತಾನೆ. ಶುಕ್ಲ ಪಂಚಮಿಯಿಂದ ದಶಮಿವರೆಗಿನ ಸಂಜೆಗಳು ಒಳ್ಳೆಯವು. ಹುಣ್ಣಿಮೆ ಹತ್ತಿರ ಬಂದರೆ ಬೆಳಕು ಕಣ್ಣು ಕುಕ್ಕುತ್ತದೆ. ಕೃಷ್ಣಪಕ್ಷದಲ್ಲಿ ಆಟ ಉಲ್ಟಾ: ನಕ್ಷತ್ರ ಬೆಳಗುವ ಅಂಚಿನಲ್ಲಿ ಮುಳುಗಿ, ಕಪ್ಪು ಅಂಚಿನಿಂದ ಏಳುತ್ತದೆ. ಅದಕ್ಕೆ ನಿದ್ದೆಗೆಡಬೇಕು.

ಸಮಯ ತಿಳಿಯಲು ಸ್ಟೆಲೇರಿಯಂ ತಂತ್ರಾಂಶ ಇದೆ, ಕಂಪ್ಯೂಟರಿಗೆ ಪುಕ್ಕಟೆ. ಅದರಲ್ಲಿ ನಿಮ್ಮದೇ ಊರನ್ನು ಹಾಕಿ. ಚಂದ್ರ ಹತ್ತಿರದವನು, ಊರು ಬದಲಾದರೆ ಅವನ ಜಾಗವೂ ಚೂರು ಸರಿಯುತ್ತದೆ. ಬೆಂಗಳೂರಿನಲ್ಲಿ ಮುಚ್ಚಿದ ನಕ್ಷತ್ರ ಬೀದರಿನಲ್ಲಿ ಪಕ್ಕದಲ್ಲೇ ಉಳಿಯಬಹುದು. ಎರಡರ ನಡುವಿನ ಗಡಿಯಲ್ಲಿ ನಿಂತವರಿಗೆ ಇನ್ನೂ ಮಜಾ: ಚಂದ್ರನ ಅಂಚಿನ ಬೆಟ್ಟಗಳ ಹಿಂದೆ ನಕ್ಷತ್ರ ಹೋಗಿ ಬಂದು, ಹೋಗಿ ಬಂದು ಮಿಣುಕುತ್ತದೆ.

ಬಿದಿಗೆ ಚಂದ್ರನ ಎರಡು ಕೊಂಬಿನ ನಡುವೆ ನಕ್ಷತ್ರ ಕಾಣುತ್ತಾ? ಡ್ರಾಯಿಂಗ್‌ನಲ್ಲಿ ಹಾಗೆ ಬರೆದಿದ್ದೇನೆ. (ಆರನೇ ತರಗತಿ, ಮಂಡ್ಯ)

ಕಾಣಲ್ಲ ಪುಟ್ಟಾ. ಅಲ್ಲಿ ಚಂದ್ರನ ಕಪ್ಪು ಭಾಗ ಇದೆ. ಚಿತ್ರ ಹಾಗೇ ಇರಲಿ, ಅಳಿಸಬೇಡ.

ಚಂದ್ರನಿಗೆ ರೋಹಿಣಿ ಮೇಲೆ ಪ್ರೀತಿ ಜಾಸ್ತಿ ಅಂತಾರೆ. ಪ್ರತಿ ತಿಂಗಳೂ ಅವಳನ್ನು ಮುಚ್ಚುತ್ತಾನಾ? (ಧಾರವಾಡ)

ಇಲ್ಲ. ಚಂದ್ರನ ದಾರಿ ಸೂರ್ಯನ ದಾರಿಗೆ ಸುಮಾರು 5 ಡಿಗ್ರಿ ಓರೆ. ಆ ಓರೆ ದಾರಿಯೂ ಮೆಲ್ಲಗೆ ತಿರುಗುತ್ತಾ 18.6 ವರ್ಷಕ್ಕೆ ಒಂದು ಸುತ್ತು ಬರುತ್ತದೆ. ಅದಕ್ಕೆ ಸರದಿಯ ಮೇಲೆ ಪ್ರೀತಿ! ರೋಹಿಣಿಯನ್ನು 2015ರಿಂದ 2018ರವರೆಗೆ ತಿಂಗಳು ತಿಂಗಳೂ ಭೂಮಿಯ ಒಂದಲ್ಲ ಒಂದು ಕಡೆಯವರಿಗೆ ಮರೆಮಾಡಿದ. ಇನ್ನು 2033ರವರೆಗೆ ಕಾಯಬೇಕು. 2023ರಲ್ಲಿ ಶುರುವಾದ ಜ್ಯೇಷ್ಠಾ ಸರದಿ 2028ರವರೆಗೆ ಇದೆ.

ಉಪಗ್ರಹಗಳ ಕಾಲದಲ್ಲಿ ನಾವು ಗಡಿಯಾರ ಹಿಡಿದು ಕೂತರೆ ಏನುಪಯೋಗ? (ಹೊಸಪೇಟೆ)

ಗುಂಡ್ಲುಪೇಟೆ, ಬಂಡೀಪುರ ದಾಟಿ ಊಟಿಗೆ ಹೋಗಿರುತ್ತೀರಿ, ಅಲ್ವಾ? ಆ ಊರಿನ ಹತ್ತಿರ ಮುತ್ತೊರೈ ಗುಡ್ಡದ ಮೇಲೆ 530 ಮೀಟರ್ ಉದ್ದದ ರೇಡಿಯೋ ಟೆಲಿಸ್ಕೋಪ್ ಇದೆ, ಬೆಳಕಿನ ಬದಲು ಆಕಾಶದ ರೇಡಿಯೋ ಅಲೆಗಳನ್ನು ಹಿಡಿಯುವಂಥದ್ದು. ಖಗೋಳ ವಿಜ್ಞಾನಿ ಗೋವಿಂದ ಸ್ವರೂಪ್ ಮತ್ತು ಸಂಗಡಿಗರು ಅದನ್ನು ಕಟ್ಟಿದ್ದೇ ಚಂದ್ರನ ಆಚ್ಛಾದನೆಗಾಗಿ. 1970ರಲ್ಲಿ ಕೆಲಸ ಶುರುಮಾಡಿತು. ಗುಡ್ಡದ ಇಳಿಜಾರು ಆ ಜಾಗದ ಅಕ್ಷಾಂಶದಷ್ಟೇ, ಅಂದರೆ ಸುಮಾರು 11 ಡಿಗ್ರಿ. ಹಾಗಾಗಿ ಟೆಲಿಸ್ಕೋಪಿನ ಉದ್ದ ಭೂಮಿಯ ಅಕ್ಷದ ಜತೆಗೇ ಸಾಗುತ್ತದೆ. ಒಂದೇ ದಿಕ್ಕಿಗೆ ಹೊರಳಿಸುತ್ತಾ ಗಂಟೆಗಟ್ಟಲೆ ಚಂದ್ರನ ಬೆನ್ನು ಹತ್ತಬಹುದು. ಜಾಗ ಹುಡುಕಿದವರ ಜಾಣ್ಮೆಗೆ ನಾನು ಇಂದಿಗೂ ತಲೆದೂಗುತ್ತೇನೆ.

ಚಂದ್ರನ ಅಂಚು ಎಲ್ಲಿದೆ ಎಂದು ಮೊದಲೇ ಗೊತ್ತು. ಅದು ಮುಚ್ಚಿದ ಕ್ಷಣ ಸಿಕ್ಕಿದರೆ ಹಿಂದೆ ಅಡಗಿದ್ದು ಎಲ್ಲಿದೆ, ಎಷ್ಟು ದೊಡ್ಡದು ಎಂಬ ಲೆಕ್ಕ ಸಿಗುತ್ತದೆ. 1962ರಲ್ಲಿ ಆಸ್ಟ್ರೇಲಿಯಾದ ಪಾರ್ಕ್ಸ್‌ನಲ್ಲಿ ಹೀಗೇ 3ಸಿ 273 ಎಂಬ ರೇಡಿಯೋ ಮೂಲದ ಜಾಗ ಹಿಡಿದರು. ಮರುವರ್ಷ ಖಗೋಳ ವಿಜ್ಞಾನಿ ಮಾರ್ಟನ್ ಶ್ಮಿಟ್ ಅದರ ಬೆಳಕನ್ನು ಪರೀಕ್ಷಿಸಿ, ಅದು ನಂಬಲಾರದಷ್ಟು ದೂರದ್ದು ಎಂದು ತೋರಿಸಿದರು. ಕ್ವೇಸಾರ್‌ಗಳ (ಬಲು ದೂರದ ಗ್ಯಾಲಕ್ಸಿಗಳ ಅತಿ ಪ್ರಖರ ನಡುಭಾಗಗಳ) ಕಥೆ ಶುರುವಾಗಿದ್ದು ಅಲ್ಲಿಂದ.

ಈಗ ನಕ್ಷತ್ರಗಳ ಜಾಗವನ್ನು ಯುರೋಪಿನ ಗಾಯಾ ಬಾಹ್ಯಾಕಾಶ ನೌಕೆ ಅಳೆದಿದೆ. ಚಂದ್ರನ ಬೆಟ್ಟಗಳನ್ನೂ ನೌಕೆಗಳು ಅಳೆದಿವೆ. ನಿಮ್ಮ ಸ್ಟಾಪ್‌ವಾಚ್ ಚಂದ್ರನ ದಾರಿಯನ್ನು ತಿದ್ದುವುದಿಲ್ಲ, ಸುಮ್ನೆ ಆಸೆ ಹುಟ್ಟಿಸಲಾರೆ. ಆದರೆ ಜೋಡಿ ನಕ್ಷತ್ರಗಳು ಇನ್ನೂ ಸಿಗುತ್ತವೆ. ಒಂಟಿ ಎಂದುಕೊಂಡದ್ದು ಎರಡು ಹಂತದಲ್ಲಿ ಆರಿದರೆ ಅಲ್ಲಿ ಇಬ್ಬರಿದ್ದಾರೆ ಎಂದರ್ಥ. 1819ರಲ್ಲಿ ವಿಯೆನ್ನಾದ ಖಗೋಳ ವಿಜ್ಞಾನಿ ಬ್ಯೂರ್ಗ್‌ಗೆ ಜ್ಯೇಷ್ಠಾದ ಸಂಗಾತಿ ಕಂಡದ್ದು ಹೀಗೇ, ಚಂದ್ರನ ಹಿಂದಿನಿಂದ ಅದೇ ಮೊದಲು ಹೊರಬಂತು. ಇಂಥದ್ದಕ್ಕೆ ಕ್ಯಾಮೆರಾ, ಒಳ್ಳೆಯ ಗಡಿಯಾರ ಎರಡೂ ಬೇಕು. ಅಂಥ ವರದಿಗಳನ್ನು ಅಂತರರಾಷ್ಟ್ರೀಯ ಆಚ್ಛಾದನಾ ಸಮಯ ಸಂಘ, ಅಂದರೆ ಐಒಟಿಎ, ಹವ್ಯಾಸಿಗಳಿಂದಲೂ ತೆಗೆದುಕೊಳ್ಳುತ್ತದೆ.

ನಮ್ಮಲ್ಲಿ ನಾಲ್ಕು ತಿಂಗಳು ಮಳೆ. ಆಗೇನು ಮಾಡಲಿ? (ಉಡುಪಿ)

ನಿದ್ದೆ ಮಾಡಿ. ಮಾಘ, ಫಾಲ್ಗುಣದ ಸಂಜೆಗಳನ್ನು ಮಾತ್ರ ಬಿಡಬೇಡಿ. ಆಗ ಅರ್ಧಚಂದ್ರ ಕೃತ್ತಿಕೆಯ ಹತ್ತಿರ ಬರುತ್ತಾನೆ. 2029ರವರೆಗೆ ಕೃತ್ತಿಕೆಯ ಸರದಿಯೂ ನಡೆಯುತ್ತಿದೆ. ನಿಮ್ಮ ಊರಿಗೆ ಸಿಕ್ಕಿದರೆ ಒಂದೇ ಸಂಜೆ ಹಲವು ನಕ್ಷತ್ರ ಒಂದೊಂದಾಗಿ ಆರುತ್ತವೆ. ನೋಟ್‌ಬುಕ್, ಪೆನ್ ಇಟ್ಟುಕೊಳ್ಳಿ, ಸಮಯ ಬರೆದು ನನಗೂ ಕಳಿಸಿ.