25 ಅಂದರೆ 52 ಬರೆಯುವ ಮಗು ‘ನಿಧಾನ’ ಅಲ್ಲ

ಡಿ.ಎಲ್.ಇಡಿ (ಶಿಕ್ಷಕ ತರಬೇತಿ) ಎರಡನೇ ವರ್ಷ, ಮುಂದಿನ ತಿಂಗಳು ವಿಜಯಪುರ ಜಿಲ್ಲೆಯ ಒಂದು ಶಾಲೆಗೆ ಅಭ್ಯಾಸಕ್ಕೆ ಹೋಗಬೇಕು, ತಾಂಡಾದ ಲಂಬಾಣಿ ಮಕ್ಕಳು, ಉರ್ದು ಮನೆಯವರು, ಕಲಿಕೆಯಲ್ಲಿ ಹಿಂದಿರುವವರು ಎಲ್ಲ ಒಂದೇ ಕೋಣೆಯಲ್ಲಿ. ಇವರನ್ನು ಅರ್ಥ ಮಾಡಿಕೊಳ್ಳಲು ಯಾವ ಕೋರ್ಸ್ ಮಾಡಲಿ, ಎಲ್ಲರನ್ನೂ ಒಂದೇ ಸಮ ನೋಡೋದು ಹೇಗೆ ಅಂತ ಕೇಳಿದ್ದೀರಿ. ಕೋರ್ಸ್ ಬಿಡ್ರಿ. ಒಂದೇ ಸಮ ನೋಡೋದನ್ನೂ ಬಿಡ್ರಿ, ನಾನು ಕೆಟ್ಟದ್ದೇ ಅದರಿಂದ.

ಚಿಕ್ಕೋಡಿ ಕಡೆಯ ಸರ್ಕಾರಿ ಕನ್ನಡ ಶಾಲೆ, ಮೂರನೇ ತರಗತಿ, ನನ್ನ ಅಭ್ಯಾಸ ಪಾಠದ ದಿನಗಳು. ಮನೆಯಲ್ಲಿ ಮರಾಠಿ ಮಾತಾಡುವ ಒಬ್ಬ ಹುಡುಗಿ, ‘ಇಪ್ಪತ್ತೈದು’ ಅಂದರೆ 52 ಬರೆಯುತ್ತಿದ್ದಳು, ‘ನಲವತ್ತಮೂರು’ ಅಂದರೆ 34. ನಿಧಾನ ಕಲಿಕೆಯ ಪಟ್ಟಿಗೆ ಹೆಸರು ಸೇರಿಸಿದೆ. ಪಟ್ಟಿಯಲ್ಲಿದ್ದ ಎಲ್ಲರಿಗೂ ಕೊಟ್ಟದ್ದನ್ನೇ ಅವಳಿಗೂ ಕೊಟ್ಟೆ: ದಿನಾ 1ರಿಂದ 100 ಬರಿ. ಮೂರು ವಾರ ಬರೆಸಿದೆ. ಒಂದು ತಪ್ಪಿಲ್ಲದೆ ಬರೆದು ತರುತ್ತಿದ್ದಳು, ಮರುದಿನ ಉಕ್ತಲೇಖನದಲ್ಲಿ ಮತ್ತೆ 52.

ಇಲ್ಲೇ ಸ್ವಲ್ಪ ನಿಲ್ತೀನಿ, ಯಾಕಂದ್ರೆ ಉಳಿದಿದ್ದೆಲ್ಲ ಇದರಿಂದಲೇ ಹುಟ್ಟೋದು. ಕನ್ನಡದಲ್ಲಿ ಹತ್ತು ಮೊದಲು, ಬಿಡಿ ಆಮೇಲೆ: ಇಪ್ಪತ್ತು, ಐದು. ಬರೆಯುವ ಕ್ರಮವೂ ಅದೇ. ಮರಾಠಿಯಲ್ಲಿ ಪಂಚವೀಸ, ಅಂದರೆ ಐದು ಮೊದಲು, ಇಪ್ಪತ್ತು ಆಮೇಲೆ. 43 ತ್ರೇಚಾಳೀಸ, ಮೂರು ಮೊದಲು. ಉರ್ದುವಿನ ಪಚ್ಚೀಸ್ ಕೂಡ ಹಾಗೇ. ಮಗು ನಾನು ಹೇಳಿದ್ದನ್ನು ಮನಸ್ಸಿನಲ್ಲಿ ಮನೆಮಾತಿಗೆ ತಿರುಗಿಸಿ, ಆ ಮಾತಿನ ಕ್ರಮದಲ್ಲೇ ಬರೆಯುತ್ತಿತ್ತು. ಇದರ ಮೇಲೆ 39 ಇನ್ನೊಂದು ತೊಡಕು. ಮರಾಠಿಯಲ್ಲಿ ಏಕೋಣಚಾಳೀಸ, ನಲವತ್ತಕ್ಕೆ ಒಂದು ಕಡಿಮೆ. ಉರ್ದುವಿನಲ್ಲಿ ಉನ್ತಾಲೀಸ್, ಅದೇ ಲೆಕ್ಕ. ‘ಚಾಳೀಸ’ ಕೇಳಿದ ಕೈ 4 ಬರೆದುಬಿಡುತ್ತದೆ, 39 ಹೋಗಿ 49 ಆಗುತ್ತದೆ. 22, 33, 44 ಮಾತ್ರ ಯಾವತ್ತೂ ತಪ್ಪಿರಲಿಲ್ಲ, ತಿರುಗಿಸಿದರೂ ಅವು ಅವೇ. ಪಾಟಿಯ ಮೇಲೆ ಉತ್ತರ ಕಣ್ಣಿಗೆ ಹೊಡೆಯುವಂತೆ ಇತ್ತು, ನಾನು ಕೆಂಪು ಗೆರೆ ಎಳೆಯೋದರಲ್ಲಿದ್ದೆ.

ಮತ್ತೆ 1ರಿಂದ 100 ಹೇಗೆ ಸರಿ ಬರುತ್ತಿತ್ತು? ಬರೆಯುವಾಗ ಪಕ್ಕದಲ್ಲಿ ಕೂತು ನೋಡಿದ ದಿನ ತಿಳಿಯಿತು. ಮೊದಲು ಮೇಲಿಂದ ಕೆಳಗೆ ಹತ್ತು ಸಲ 2 ಬರೆದಳು. ಆಮೇಲೆ ಅದರ ಬಲಕ್ಕೆ 0, 1, 2 ಅಂತ 9ರವರೆಗೆ ಇಳಿದಳು. ಒಂದೇ ಒಂದು ಸಂಖ್ಯೆಯ ಹೆಸರೂ ಅವಳ ಬಾಯಲ್ಲಿ ಬರಲಿಲ್ಲ. ಮೂರು ವಾರ ನಾನು ಕಲಿಸಿದ್ದು ನೇಯ್ಗೆ, ಗಣಿತ ಅಲ್ಲ.

ನೀವು ಹೀಗೆ ಮಾಡಿ. ಜೋಳದ ದಂಟಿನ ತುಂಡು ಸುಮಾರು ನೂರು ಮಾಡಿಕೊಳ್ಳಿ, ಹತ್ತತ್ತರ ಕಟ್ಟು ಕಟ್ಟಿ. ಎರಡು ಕಟ್ಟು, ಐದು ಬಿಡಿ ಇಟ್ಟು, ಬಾಯಿ ತೆರೆಯದೆ, ಬರಿ ಅಂತ ಸನ್ನೆ ಮಾಡಿ. ಆಮೇಲೆ ಕನ್ನಡದಲ್ಲಿ ಹೇಳಿ ಬರೆಸಿ, ಆಮೇಲೆ ಮನೆಮಾತಿನಲ್ಲಿ. ದಂಟು ನೋಡಿ 25 ಬರೆದು, ಕೇಳಿ 52 ಬರೆದರೆ ಸ್ಥಾನಬೆಲೆ ಗೊತ್ತಿದೆ, ತೊಡಕು ಕಿವಿಯ ದಾರಿಯಲ್ಲಿದೆ. ಮನೆಮಾತಿನಲ್ಲಿ ಸರಿ ಬಂದು ಕನ್ನಡದಲ್ಲಿ ಮಾತ್ರ ತಪ್ಪಿದರೆ ಸಂಖ್ಯೆಯ ಕನ್ನಡ ಹೆಸರು ಗಟ್ಟಿಯಾಗಿಲ್ಲ. ದಂಟು ನೋಡಿಯೂ ತಪ್ಪಿದರೆ ಆಗ ಸ್ಥಾನಬೆಲೆಯಿಂದ ಶುರು. ಒಂದು ಮಗುವಿಗೆ ಹತ್ತು ನಿಮಿಷ ಸಾಕು.

ಕಿವಿಯ ತೊಡಕಿಗೆ ಹಳೆ ಕ್ಯಾಲೆಂಡರಿನ ಬೆನ್ನು ಸಾಕು. 8 ಸೆಂ.ಮೀ. ಅಗಲದ ಚೀಟಿಗಳಲ್ಲಿ 20, 30, 40; 4 ಸೆಂ.ಮೀ.ದರಲ್ಲಿ 1ರಿಂದ 9. ‘ಇಪ್ಪತ್ತು’ ಅಂದಾಗ ಉದ್ದದ ಚೀಟಿ ಕೆಳಗೆ, ‘ಐದು’ ಅಂದಾಗ ಸಣ್ಣದನ್ನು ಸೊನ್ನೆಯ ಮೇಲೆ ಮುಚ್ಚಬೇಕು. ದಿನಕ್ಕೆ ಹತ್ತೇ ಸಂಖ್ಯೆ. 21ರಿಂದ ಮೇಲಕ್ಕೆ ಹೋಗಿ, 11ರಿಂದ 19 ಕೊನೆಗಿರಲಿ, ಹನ್ನೊಂದು, ಹದಿಮೂರು ಅನ್ನುವಲ್ಲಿ ಹತ್ತು ಸ್ಪಷ್ಟವಾಗಿ ಕೇಳಿಸೋದಿಲ್ಲ. ಮನೆಮಾತಿನ ಎಣಿಕೆಯನ್ನು ಬೈಯಬೇಡಿ. ‘ನಿಮ್ಮನ್ಯಾಗ ಐದು ಮೊದಲು, ಇಲ್ಲಿ ಇಪ್ಪತ್ತು ಮೊದಲು’ ಅಂತ ಬಾಯಿಬಿಟ್ಟು ಹೇಳಿ. ಮಕ್ಕಳಿಗೆ ಇದು ಭಾಳ ಮಜಾ ಅನಿಸ್ತದ.

ಕನ್ನಡ ಉಕ್ತಲೇಖನದಲ್ಲೂ ತಪ್ಪನ್ನು ಎಣಿಸಬೇಡಿ, ವಿಂಗಡಿಸಿ. ಉರ್ದು ಮನೆಯ ಹುಡುಗ ‘ಹಳ್ಳಿ’ಯನ್ನು ‘ಹಲ್ಲಿ’ ಮಾಡಿದರೆ ಉರ್ದುವಿನಲ್ಲಿ ಳಕಾರ ಇಲ್ಲ. ಮರಾಠಿ ಮನೆಯವನು ‘ಬೆಳೆ’, ‘ಬೇಳೆ’ ಒಂದೇ ಮಾಡಿದರೆ ಅವನ ಮಾತಿನಲ್ಲಿ ಎ, ಏ ಅನ್ನುವ ಭೇದವೇ ಇಲ್ಲ. ‘ಭಾಷೆ’ಯನ್ನು ‘ಬಾಷೆ’ ಬರೆಯುವವರು ಹೆಚ್ಚಾಗಿ ನಮ್ಮ ಅಚ್ಚ ಕನ್ನಡದ ಮಕ್ಕಳೇ, ಆಡುಮಾತಿನಲ್ಲಿ ಮಹಾಪ್ರಾಣ ಎಲ್ಲಿದೆ ಹೇಳ್ರಿ. ಮೂರೂ ಕೆಂಪು ಗೆರೆಯೇ, ಮದ್ದು ಮಾತ್ರ ಬೇರೆ ಬೇರೆ. ಹಲ್ಲಿ–ಹಳ್ಳಿ, ಕೊಡು–ಕೋಡು ಥರದ ಜೋಡಿ ಹೇಳಿ, ಚಿತ್ರ ತೋರಿಸಲು ಹೇಳಿ. ಕಿವಿ ಪಳಗಿದ ಮೇಲೆ ಕೈ.

ಇದ್ಯಾವುದಕ್ಕೂ ಹೊಂದದ ತಪ್ಪು ಉಳಿದರೆ ಮೊದಲು ಕಣ್ಣು, ಕಿವಿ. ಬೋರ್ಡ್ ನೋಡಿ ತಪ್ಪು ಬರೆದು, ಪುಸ್ತಕ ನೋಡಿ ಸರಿ ಬರೆದರೆ ಕಣ್ಣು ತೋರಿಸಬೇಕು. ಬೆನ್ನ ಹಿಂದೆ ನಿಂತು ಮೆಲ್ಲಗೆ ಹೆಸರು ಕರೆಯಿರಿ. ಕಿವಿ ಸೋರುತ್ತದೆಯೇ ಕೇಳಿ. ಅದೂ ಅಲ್ಲದಿದ್ದರೆ ಮುಖ್ಯ ಶಿಕ್ಷಕರ ಮೂಲಕ ತಾಲ್ಲೂಕಿನ ಬಿ.ಐ.ಇ.ಆರ್.ಟಿ. (ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರು) ಅವರನ್ನು ಕರೆಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಕಲಿಕಾ ನ್ಯೂನತೆಯೂ ಇದೆ, ಆದರೆ ಅದನ್ನು ಹೇಳಬೇಕಾದವರು ಪರೀಕ್ಷಿಸಿದವರು. ಪ್ರಶಿಕ್ಷಣಾರ್ಥಿಯ ಡೈರಿಯಲ್ಲಿ ‘ಡಿಸ್ಲೆಕ್ಸಿಯಾ’ ಅನ್ನುವ ಪದ ಬರಬಾರದು. ‘ಬೋರ್ಡ್‌ನಿಂದ ಎಂಟು ಪದದಲ್ಲಿ ಐದು ತಪ್ಪು, ಪುಸ್ತಕದಿಂದ ಒಂದು’ ಅಂತ ಬರೆದರೆ ಸಾಕು.

ಕುಟುಂಬದ ಹಿನ್ನೆಲೆ ಅಂತ ನಿಮ್ಮ ಕೈಗೆ ಒಂದು ನಮೂನೆ ಬರುತ್ತದೆ, ಜಾತಿ, ಆದಾಯ ತುಂಬಿಸೋದು. ಪಾಠಕ್ಕೆ ಅದರಿಂದ ಏನೂ ಸಿಗಲ್ಲ. ಒಬ್ಬೊಬ್ಬರನ್ನೇ ಕೇಳಬೇಕಾದ್ದು ಮೂರು: ಅವ್ವ ಯಾವ ಮಾತಿನಲ್ಲಿ ಬೈತಾಳೆ? ಸಾಲಿಗೆ ಬರೋ ಮುಂಚೆ ಮನೆಯಲ್ಲಿ ಏನು ಕೆಲಸ? ವರ್ಷದಲ್ಲಿ ಯಾವ ತಿಂಗಳು ಊರಲ್ಲಿ ಇರಲ್ಲ?

ಮೂರನೆಯದಕ್ಕೆ ತಾಂಡಾದ ಮಕ್ಕಳಿಂದ ಉತ್ತರ ಬಂದೇ ಬರುತ್ತದೆ. ದೀಪಾವಳಿ ಮುಗಿದ ಮೇಲೆ ಕಬ್ಬು ಕಡಿಯಲು ಹೊರಟ ಗ್ಯಾಂಗಿನ ಜೊತೆ ಮಕ್ಕಳೂ ಹೋಗುತ್ತಾರೆ, ಬರೋದು ಯುಗಾದಿ ಹೊತ್ತಿಗೆ. ಹೊರಡುವ ಮುಂಚೆ ಮಗು ನಲಿ-ಕಲಿ ಏಣಿಯಲ್ಲಿ (ಕಲಿಕೆಯನ್ನು ಹಂತ ಹಂತವಾಗಿ ಜೋಡಿಸಿದ ಪಟ್ಟಿ) ಎಷ್ಟನೇ ಮೈಲಿಗಲ್ಲಿನಲ್ಲಿ ನಿಂತಿದೆ ಅಂತ ಒಂದು ಚೀಟಿ ಬರೆದು ಮನೆಯವರಿಗೆ ಕೊಡಿ, ಪ್ರತಿ ನಿಮ್ಮ ಹತ್ತಿರ ಇರಲಿ. ಹೋದ ಕಡೆ ಶಾಲೆಗೆ ಸೇರಿಸಲು ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ, ಇದನ್ನೂ ತಿಳಿಸಿ. ವಾಪಸ್ ಬಂದ ದಿನ ಪರೀಕ್ಷೆ ಬೇಡ, ಚೀಟಿಯ ಮೈಲಿಗಲ್ಲಿಗಿಂತ ಎರಡು ಹೆಜ್ಜೆ ಹಿಂದಿನಿಂದ ಶುರು ಮಾಡಿ. ಕನ್ನಡವೂ ಲಂಬಾಣಿಯೂ ಬರುವ ಮಗು ಪಕ್ಕದಲ್ಲಿರಲಿ, ಆದರೆ ವಾರಕ್ಕೊಮ್ಮೆ ಜೋಡಿ ಬದಲಿಸಿ. ಇಲ್ಲದಿದ್ದರೆ ಆ ಮಗು ದುಭಾಷಿಯಾಗಿಯೇ ವರ್ಷ ಕಳೆಯುತ್ತದೆ.

ಲಂಬಾಣಿ ಕಲಿಯಬೇಕಾ ಅಂದರೆ ಪೂರ್ತಿ ಬೇಡ, ನಲವತ್ತು ಪದ ಸಾಕು. ಯಾಡಿ (ಅವ್ವ), ಬಾಟಿ (ರೊಟ್ಟಿ), ಪಾಣಿ (ನೀರು) ಅಂತ ಮಕ್ಕಳ ಬಾಯಿಂದಲೇ ಕೇಳಿ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ. ಏಕ್, ದಿ, ತೀನ್ ಅಂತ ಎಣಿಕೆ ಶುರು ಮಾಡಿಸಿ, ಇಪ್ಪತ್ತು ದಾಟಿದ ಮೇಲೆ ಬಿಡಿ ಮೊದಲು ಬರ್ತದೋ ಹತ್ತು ಮೊದಲು ಬರ್ತದೋ ಅಂತ ಕಿವಿಗೊಡಿ. ಚೀಟಿ ಕತ್ತರಿಸೋದು ಅದಾದ ಮೇಲೆ.