ಜೈಲಿನ ಖರ್ಚನ್ನು ಕೈದಿಯಿಂದಲೇ ವಸೂಲು ಮಾಡಬೇಕೆ?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಸೆರೆಮನೆಗಳ ಖರ್ಚಿನ ಬಗ್ಗೆ ಬಂದ ಲೇಖನ ಓದಿದೆ. ಕೋಟಿಗಟ್ಟಲೆ ನುಂಗಿ ಒಳಗೆ ಹೋದವನ ಊಟ, ಔಷಧ, ಕಾವಲಿಗೆ ನಮ್ಮ ತೆರಿಗೆಯ ಹಣ ಏಕೆ? ಬಡ ಕೈದಿಯನ್ನು ಬಿಟ್ಟುಬಿಡಿ. ಉಳ್ಳವನಿಂದ ಅವನ ಆಸ್ತಿಗೆ ತಕ್ಕಂತೆ ವಸೂಲು ಮಾಡಿದರೆ ತಪ್ಪೇನು? ಅವನು ಪುಕ್ಕಟೆ ತಿಂದುಕೊಂಡಿರಲಿ ಎನ್ನುತ್ತೀರಾ?

ಸಂಪಾದಕರ ಉತ್ತರ:

ನಿಮ್ಮ ಪತ್ರದಲ್ಲಿರುವ ಸಿಟ್ಟು ನನ್ನದೂ ಹೌದು. ಕದ್ದ ಗಂಟು ಹೊರಗೆ ಬಡ್ಡಿ ದುಡಿಯುತ್ತಿರುವಾಗ ಕದ್ದವನನ್ನು ಸಾಕುವ ಹೊರೆ ಕದಿಯದವರ ಮೇಲೆ ಬೀಳುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಆದರೂ ನಿಮ್ಮ ಸಲಹೆಯನ್ನು ನಾನು ಒಪ್ಪಲಾರೆ. ಕಾರಣ ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1773ರಲ್ಲಿ ಇಂಗ್ಲೆಂಡಿನ ಬೆಡ್‌ಫರ್ಡ್‌ಷೈರಿಗೆ ಜಾನ್ ಹೋವರ್ಡ್ ಎಂಬುವರು ಷೆರಿಫ್, ಅಂದರೆ ಜಿಲ್ಲೆಯ ಜೈಲಿನ ಹೊಣೆಯೂ ಇದ್ದ ಅಧಿಕಾರಿ, ಆದರು. ಆ ಹುದ್ದೆಯನ್ನು ಗೌರವದ ಅಲಂಕಾರವೆಂದು ಬಗೆದು ಸುಮ್ಮನಿರುವವರೇ ಹೆಚ್ಚಾಗಿದ್ದ ಕಾಲದಲ್ಲಿ ಅವರು ಜೈಲಿನೊಳಗೆ ಹೋಗಿ ನೋಡಿದರು. ನ್ಯಾಯಾಲಯ ನಿರ್ದೋಷಿ ಎಂದು ಬಿಟ್ಟವರೂ ಅಲ್ಲೇ ಕೊಳೆಯುತ್ತಿದ್ದರು. ಜೈಲರನಿಗೆ ಸಂಬಳವಿರಲಿಲ್ಲ, ಕೈದಿಗಳು ಕೊಡುವ ಶುಲ್ಕವೇ ಅವನ ಜೀವನ. ಶುಲ್ಕ ತೀರುವವರೆಗೆ ಬಾಗಿಲು ತೆರೆಯುವಂತಿಲ್ಲ. ಜೈಲರನಿಗೆ ಸಂಬಳ ಕೊಡಿ ಎಂದು ಹೋವರ್ಡ್ ಕೇಳಿದಾಗ, ಬೇರೆ ಕಡೆ ಹಾಗೆ ಮಾಡಿದ ನಿದರ್ಶನ ತೋರಿಸಿ ಎಂದರು ಜಿಲ್ಲೆಯ ನ್ಯಾಯಾಧಿಕಾರಿಗಳು. ನಿದರ್ಶನ ಹುಡುಕಿಕೊಂಡು ಅವರು ನೆರೆಯ ಜಿಲ್ಲೆಗಳನ್ನು ಸುತ್ತಿದರು; ಎಲ್ಲೆಡೆಯೂ ಅದೇ ಅನ್ಯಾಯ ಕಂಡಿತು. 1774ರಲ್ಲಿ ಸಂಸತ್ತು ಖುಲಾಸೆಯಾದವರಿಂದ ಶುಲ್ಕ ಕೇಳುವುದನ್ನು ನಿಲ್ಲಿಸಿತು. ಸೆರೆಯ ಖರ್ಚನ್ನು ಸಮಾಜವೇ ಹೊರಬೇಕೆಂಬ ತಿಳಿವು ಹಾಗೆ, ಜನ ನೊಂದ ಮೇಲೆ ಬಂದದ್ದು.

ಅದು ಬಡವರ ಕಥೆ, ನಾನು ಕೇಳಿದ್ದು ಉಳ್ಳವರ ಮಾತು ಎಂದು ನೀವು ಹೇಳಬಹುದು. ಅಮೆರಿಕದ ಮಿಷಿಗನ್ ರಾಜ್ಯವೂ ಆಸ್ತಿಯಿದ್ದವರಿಂದ ಮಾತ್ರ ಎಂದುಕೊಂಡೇ 1935ರಲ್ಲಿ ಇಂಥ ವಸೂಲಿಗೆ ಕಾನೂನು ಮಾಡಿತು. ಬೇರೆ ರಾಜ್ಯಗಳು ಹಿಂಬಾಲಿಸಿದವು. ಕನೆಕ್ಟಿಕಟ್ ರಾಜ್ಯದ ಲೆಕ್ಕ ದಿನಕ್ಕೆ 249 ಡಾಲರ್ ತಲುಪಿತು. ಅಂದರೆ ಒಂದು ವರ್ಷದ ಸೆರೆಗೆ 90 ಸಾವಿರ ಡಾಲರಿಗೂ ಹೆಚ್ಚು! ಬಿಡುಗಡೆಯಾಗಿ ಎಷ್ಟೋ ವರ್ಷಗಳಾದ ಮೇಲೆ, ತಾಯಿ ತೀರಿಕೊಂಡು ಹಳೆಯ ಮನೆಯಲ್ಲಿ ಒಂದು ಪಾಲು ಕೈಗೆ ಬರುವ ಹೊತ್ತಿಗೆ ಸರ್ಕಾರ ಸೆರೆಯ ಖರ್ಚಿನ ಬಿಲ್ ಹಿಡಿದು ನಿಲ್ಲುತ್ತಿತ್ತು. ಈ ಬಲೆಗೆ ಬಿದ್ದವರು ಯಾರು? ಹೆಂಡತಿಯ ಹೆಸರಿಗೂ ಟ್ರಸ್ಟಿನ ಹೆಸರಿಗೂ ಆಸ್ತಿಯನ್ನು ಮೊದಲೇ ದಾಟಿಸಿದವರಲ್ಲ. ಬಚ್ಚಿಡಲು ಬಾರದ, ಒಂದೇ ಒಂದು ಮನೆಯಿದ್ದವರು. ಇಲಿನಾಯ್ 2019ರಲ್ಲಿ ಆ ಕಾನೂನನ್ನೇ ಕೈಬಿಟ್ಟಿತು. 2022ರಲ್ಲಿ ಕನೆಕ್ಟಿಕಟ್ ಕೂಡ ಅದರ ಹಿಡಿತವನ್ನು ಬಹಳ ಮಟ್ಟಿಗೆ ಸಡಿಲಿಸಿತು. ಇಷ್ಟಕ್ಕೂ ಅಲ್ಲಿನ ಟೆಕ್ಸಸ್, ಜಾರ್ಜಿಯಾದಂಥ ರಾಜ್ಯಗಳು ಕೈದಿಗಳ ದುಡಿಮೆಗೆ ಸಾಮಾನ್ಯವಾಗಿ ಕೂಲಿಯನ್ನೇ ಕೊಡುವುದಿಲ್ಲ. ದುಡಿಸಿಕೊಂಡು ಬಿಡಿಗಾಸು ಕೊಡದ ವ್ಯವಸ್ಥೆಯ ಬಾಯಲ್ಲಿ ‘ಪುಕ್ಕಟೆ ಊಟ’ ಎಂಬ ಮಾತು ನನಗೆ ಸಹಿಸಲಾಗದು.

ಇನ್ನು ‘ಒಬ್ಬ ಕೈದಿಯ ಖರ್ಚು’ ಎಂಬ ಅಂಕಿಯ ವಿಚಾರ. ಅದರಲ್ಲಿ ಅವನು ಉಂಡ ಅನ್ನದ ಪಾಲು ಸಣ್ಣದು. ಗೋಡೆ, ಗೋಪುರ, ಕಾವಲುಗಾರರ ಸಂಬಳ ಎಲ್ಲವನ್ನೂ ಕೂಡಿಸಿ ತಲೆಗಳ ಸಂಖ್ಯೆಯಿಂದ ಭಾಗಿಸಿದರೆ ಅದು ಸಿಗುತ್ತದೆ. ಆ ಗೋಡೆ ಕಟ್ಟಿದ್ದು ಕೈದಿಗೆ ಸೂರು ಬೇಕೆಂದಲ್ಲ, ನಮಗೆ ರಕ್ಷಣೆ ಬೇಕೆಂದು. ನಮ್ಮ ನೆಮ್ಮದಿಗೆ ಮಾಡಿದ ಖರ್ಚನ್ನು ಅವನ ಬಾಡಿಗೆ ಎಂದು ಬರೆಯುವುದು ಸುಳ್ಳು ಲೆಕ್ಕ.

ನನಗೆ ಇದಕ್ಕಿಂತ ಹೆಚ್ಚು ಭಯ ಹುಟ್ಟಿಸುವುದು ಇನ್ನೊಂದು. ಮನುಷ್ಯನನ್ನು ಹಿಡಿದು ಕೂಡಿಹಾಕುವುದು ಸರ್ಕಾರದ ಕೈಯಲ್ಲಿರುವ ಅತಿ ದೊಡ್ಡ ಅಧಿಕಾರಗಳಲ್ಲಿ ಒಂದು. ಅದನ್ನು ಬಳಸಿದಾಗಲೆಲ್ಲ ಬೊಕ್ಕಸಕ್ಕೆ ನೋವಾಗಬೇಕು. ಇವನನ್ನು ಇನ್ನೂ ಐದು ವರ್ಷ ಇಡುವ ಅಗತ್ಯ ನಿಜಕ್ಕೂ ಇದೆಯೇ ಎಂದು ಯಾರಾದರೂ ಕೇಳುವುದು ಆ ನೋವಿನಿಂದಲೇ. ಕೈದಿಯೇ ಹಣ ಕಟ್ಟಿದರೆ ಆ ಪ್ರಶ್ನೆ ಸತ್ತುಹೋಗುತ್ತದೆ. ಆಸ್ತಿಯಿರುವ ಕೈದಿ ಒಳಗಿದ್ದಷ್ಟೂ ಲಾಭ ಎಂಬ ಯೋಚನೆ ಅದರ ಜಾಗಕ್ಕೆ ಬರುತ್ತದೆ. ಹಣ ಕಟ್ಟಿದವನಾದರೂ ಸುಮ್ಮನಿರುತ್ತಾನೆಯೇ? ಕ್ಯಾಲಿಫೋರ್ನಿಯಾದ ಕೆಲವು ಪಟ್ಟಣಗಳ ಜೈಲುಗಳಲ್ಲಿ ದಿನಕ್ಕೆ ಇಷ್ಟೆಂದು ಕೊಟ್ಟು ಹೆಚ್ಚು ನೆಮ್ಮದಿಯ ಕೋಣೆ ಪಡೆಯುವ ಪದ್ಧತಿಯೇ ಬೆಳೆದಿದೆ. ನೀವು ಶಿಕ್ಷಿಸಬೇಕೆಂದ ಧನಿಕ ಅಲ್ಲಿ ಗಿರಾಕಿ.

ಹಾಗಾದರೆ ಅವನ ಹಣವನ್ನು ಮುಟ್ಟುವುದೇ ಬೇಡವೇ? ಖಂಡಿತ ಮುಟ್ಟಬೇಕು, ಆದರೆ ತೀರ್ಪಿನ ದಿನ, ನ್ಯಾಯಾಧೀಶರ ಎದುರಿಗೆ. ಫಿನ್ಲೆಂಡ್ 1921ರಿಂದಲೇ ಆದಾಯದ ಮೇಲೆ ದಂಡ ಹಾಕುತ್ತಿದೆ. ಅಪರಾಧದ ತೂಕ ನೋಡಿ ಎಷ್ಟು ದಿನದ ದಂಡ ಎಂದು ಗೊತ್ತುಮಾಡುತ್ತಾರೆ. ದಿನಕ್ಕೆಷ್ಟು ಎಂಬುದನ್ನು ಅವನ ಗಳಿಕೆ ನಿರ್ಧರಿಸುತ್ತದೆ. ಹಾಗಾಗಿ ಒಂದೇ ತಪ್ಪಿಗೆ ಕೂಲಿಯವನಿಗೂ ಕೋಟ್ಯಧಿಪತಿಗೂ ಒಂದೇ ಬಗೆಯ ನೋವು. ಅದು ಎಷ್ಟೆಂದು ಎಲ್ಲರಿಗೂ ಗೊತ್ತು, ಮೇಲ್ಮನವಿಗೆ ಅವಕಾಶವಿದೆ, ಕಟ್ಟಿದ ಮೇಲೆ ಮುಗಿಯಿತು. ಜೈಲಿನ ಬಿಲ್ ಹಾಗಲ್ಲ. ಮೊತ್ತ ಬೆಳೆಯುತ್ತಲೇ ಹೋಗಿ ಬಿಡುಗಡೆಯಾದವನ ಬೆನ್ನು ಹತ್ತುತ್ತದೆ. ಇನ್ನು ಲೂಟಿಯ ಹಣವೋ, ಅದನ್ನು ಮುಟ್ಟುಗೋಲು ಹಾಕಿ ಕಳೆದುಕೊಂಡವರಿಗೆ ಕೊಡಬೇಕು. ನಿಮ್ಮ ಪತ್ರದಲ್ಲಿ ತೆರಿಗೆದಾರರಿದ್ದಾರೆ, ಕೈದಿಯಿದ್ದಾನೆ. ಮೋಸ ಹೋದವರು ಕಾಣಲಿಲ್ಲ. ಕೈದಿಯ ಪ್ರತಿಯೊಂದು ಕಾಸಿನ ಮೇಲೂ ಮೊದಲ ಹಕ್ಕು ಅವರದು, ಜೈಲು ಇಲಾಖೆಯದಲ್ಲ.

ಒಂದು ಕಡೆ ಮಾತ್ರ ನಿಮ್ಮೊಂದಿಗೆ ಅರ್ಧ ದಾರಿ ಬರುತ್ತೇನೆ. ಜರ್ಮನಿಯಲ್ಲಿ ಒಳಗೆ ದುಡಿಯುವ ಕೈದಿಯಿಂದ ವಾಸದ ಖರ್ಚನ್ನು ಸಾಮಾನ್ಯವಾಗಿ ಕೇಳುವುದಿಲ್ಲ; ಸ್ವಂತ ವರಮಾನವಿದ್ದೂ ತನ್ನದೇ ತಪ್ಪಿನಿಂದ ಕೆಲಸ ಮಾಡದವನಿಂದ ಕೇಳಬಹುದು. ಆರೋಗ್ಯವಾಗಿದ್ದು, ಕೆಲಸವೂ ಇದ್ದು, ಕೈಕಟ್ಟಿ ಕುಳಿತ ಧನಿಕನಿಂದ ಅಷ್ಟನ್ನು ಪಡೆದರೆ ನನ್ನ ತಕರಾರಿಲ್ಲ. ಆ ಕೆಲಸಕ್ಕೆ ನ್ಯಾಯವಾದ ಕೂಲಿ ಸಿಗುತ್ತಿರಬೇಕು ಎಂಬುದೊಂದೇ ನನ್ನ ಷರತ್ತು.