ಓದುಗರ ಪ್ರಶ್ನೆ: ಪರದೆಯಿಂದ ಪುಸ್ತಕಕ್ಕೆ ಬಂದ ಕಾದಂಬರಿಗಳು

ಪ್ರಶ್ನೆ: ಮಳೆಗಾಲಕ್ಕೆ ಮುಂಚೆ ತೋಟದ ಹಳೆಯ ಮನೆಯ ಅಟ್ಟ ಖಾಲಿ ಮಾಡಿಸುವಾಗ ಕರಿಮೆಣಸಿನ ಚೀಲಗಳ ಹಿಂದೆ ಒಂದು ತಗಡಿನ ಪೆಟ್ಟಿಗೆ ಸಿಕ್ಕಿತು. ಒಳಗೆ ಮೂವತ್ತಕ್ಕೂ ಹೆಚ್ಚು ತೆಳ್ಳನೆಯ ಇಂಗ್ಲಿಷ್ ಪುಸ್ತಕಗಳಿವೆ. ಕೆಲವುಗಳ ಮೇಲೆ ‘ಡಾಕ್ಟರ್ ಹೂ’, ಕೆಲವುಗಳ ಮೇಲೆ ‘ಸ್ಟಾರ್ ಟ್ರೆಕ್’ ಎಂದಿದೆ. ಇವು ಟಿವಿ ಧಾರಾವಾಹಿಗಳೆಂದು ಮಗ ಹೇಳುತ್ತಾನೆ. ಪುಸ್ತಕ ಮೊದಲೋ, ಧಾರಾವಾಹಿ ಮೊದಲೋ? ಇವನ್ನು ಇಟ್ಟುಕೊಳ್ಳಬಹುದೇ, ರದ್ದಿಗೆ ಹಾಕಬಹುದೇ?
– ಕಾಫಿ ಬೆಳೆಗಾರರೊಬ್ಬರು, ಸೋಮವಾರಪೇಟೆ

ಉತ್ತರ: ಧಾರಾವಾಹಿಯೇ ಮೊದಲು. ಕಾದಂಬರಿ ಚಲನಚಿತ್ರವಾಗುವುದು ನಮಗೆ ರೂಢಿಯಾದ ದಾರಿ. ಕೊಡಗಿನವರೇ ಆದ ಭಾರತೀಸುತರ ‘ಎಡಕಲ್ಲು ಗುಡ್ಡದ ಮೇಲೆ’ 1973ರಲ್ಲಿ ಪುಟ್ಟಣ್ಣ ಕಣಗಾಲರಿಂದ ಚಿತ್ರವಾದದ್ದು ನಿಮಗೆ ನೆನಪಿರಬಹುದು. ನಿಮ್ಮ ಪೆಟ್ಟಿಗೆಯ ಪುಸ್ತಕಗಳು ಅದೇ ದಾರಿಯಲ್ಲಿ ಎದುರು ದಿಕ್ಕಿನಿಂದ ಬಂದವು. ಇವನ್ನು ಟೈ-ಇನ್ ಕಾದಂಬರಿಗಳೆನ್ನುತ್ತಾರೆ. ಇವುಗಳಲ್ಲಿ ಪ್ರಸಾರವಾದ ಕಂತನ್ನೇ ಗದ್ಯಕ್ಕಿಳಿಸಿದವು ಒಂದು ಬಗೆ, ಅದೇ ಪಾತ್ರಗಳನ್ನಿಟ್ಟುಕೊಂಡು ಹೊಸ ಕಥೆ ಹೇಳಿದವು ಇನ್ನೊಂದು ಬಗೆ.

‘ಡಾಕ್ಟರ್ ಹೂ’ ಬಿಬಿಸಿಯಲ್ಲಿ ಆರಂಭವಾದದ್ದು 1963ರ ನವೆಂಬರ್ 23ರಂದು. ಮರುವರ್ಷವೇ, ಧಾರಾವಾಹಿಯ ಕಥಾ ಸಂಪಾದಕರಾಗಿದ್ದ ಡೇವಿಡ್ ವಿಟೇಕರ್ ಅದರ ಎರಡನೆಯ ಕಥೆಯನ್ನು ಕಾದಂಬರಿಯಾಗಿ ಬರೆದರು. ಪುಸ್ತಕವನ್ನು ಎರಡನೆಯ ಕಥೆಯಿಂದ ಶುರುಮಾಡಿದರೆ ಕಾಲಯಾನಿ ನಾಯಕನಾದ ಡಾಕ್ಟರನನ್ನು ಮೊದಲ ಬಾರಿಗೆ ಕಾಣುವ ಓದುಗ ಕಕ್ಕಾಬಿಕ್ಕಿಯಾಗುತ್ತಾನಲ್ಲ, ಅದಕ್ಕಾಗಿ ಅವರು ಟಿವಿಯಲ್ಲಿ ಇಲ್ಲದ ಆರಂಭವೊಂದನ್ನು ಕಟ್ಟಿದರು: ಲಂಡನ್ನಿನ ಬಯಲೊಂದರಲ್ಲಿ ರಾತ್ರಿಯ ಮಂಜು, ರಸ್ತೆ ಅಪಘಾತ, ಮಂಜಿನೊಳಗಿಂದ ಎದುರಾಗುವ ವಿಚಿತ್ರ ಮುದುಕ, ಇಷ್ಟನ್ನೂ ಇಯಾನ್ ಎಂಬಾತ ‘ನಾನು’ ಎಂದು ಹೇಳುತ್ತಾ ಹೋಗುತ್ತಾನೆ. ಮಡಿಕೇರಿಯ ಜುಲೈ ತಿಂಗಳ ಮಂಜಿನಲ್ಲಿ ಕುಳಿತು ಆ ಮೊದಲ ಪುಟಗಳನ್ನು ಓದಿ ನೋಡಿ. ಕ್ಯಾಮೆರಾ ಇಲ್ಲದಿರುವುದೇ ಅನುಕೂಲವೆಂದು ತಿಳಿದ ಲೇಖಕ ಏನೇನು ಮಾಡಬಲ್ಲನೆಂಬುದು ಗೊತ್ತಾಗುತ್ತದೆ.

ರದ್ದಿಗೆ ಹಾಕಬೇಡಿ ಎನ್ನಲು ಇನ್ನೂ ಗಟ್ಟಿಯಾದ ಕಾರಣವಿದೆ. ಆಗ ವಿಡಿಯೊ ಟೇಪು ದುಬಾರಿ. ಒಮ್ಮೆ ತೋರಿಸಿದ ಕಂತನ್ನು ಮತ್ತೆ ಯಾರು ಕೇಳುತ್ತಾರೆಂದು ಬಿಬಿಸಿಯವರು ಟೇಪುಗಳನ್ನು ಅಳಿಸಿ ಮರುಬಳಕೆ ಮಾಡಿದರು, ಫಿಲ್ಮ್ ಪ್ರತಿಗಳನ್ನೂ ಎಸೆದರು. ಅರವತ್ತರ ದಶಕದ ಸುಮಾರು ನೂರು ಕಂತುಗಳ ಚಿತ್ರ ಹಾಗೆ ಕೈತಪ್ಪಿಹೋಯಿತು. 1973ರಲ್ಲಿ ಶುರುವಾದ ಟಾರ್ಗೆಟ್ ಮಾಲೆಯ ಪುಸ್ತಕಗಳು ಆ ಕಥೆಗಳನ್ನು ಒಂದು ತಲೆಮಾರಿನ ಮಕ್ಕಳ ಕೈಗಿಟ್ಟವು. ಅವುಗಳಲ್ಲಿ ಅರವತ್ತಕ್ಕೂ ಹೆಚ್ಚನ್ನು ಟೆರೆನ್ಸ್ ಡಿಕ್ಸ್ ಒಬ್ಬರೇ ಬರೆದರು. ಸಣ್ಣ ವಾಕ್ಯ, ನೂರಿಪ್ಪತ್ತೆಂಟು ಪುಟ, ಎಲ್ಲೂ ತಡವರಿಸದ ಕಥೆ. ಮನೆಯಲ್ಲಿ ಓದಲು ಹಿಂಜರಿಯುವ ಹನ್ನೆರಡರ ಹುಡುಗನಿದ್ದರೆ ಅವರ ಹೆಸರಿರುವ ಪುಸ್ತಕದಿಂದಲೇ ಶುರುಮಾಡಿಸಿ.

‘ಸ್ಟಾರ್ ಟ್ರೆಕ್’ ಬಗ್ಗೆ ಬರೆಯುವಾಗ ನನ್ನ ಸ್ವಂತ ಅನುಭವ ಅಡ್ಡ ಬರುತ್ತದೆ. ಎಂಬತ್ತರ ದಶಕದಲ್ಲಿ ದೂರದರ್ಶನ ಅದನ್ನು ತೋರಿಸುತ್ತಿದ್ದಾಗ ನಮ್ಮ ಆಂಟೆನಾ ಹಲಸಿನ ಮರದ ತುದಿಯಲ್ಲಿತ್ತು. ಗಾಳಿ ಬೀಸಿದರೆ ಒಬ್ಬ ಮರ ಹತ್ತಬೇಕು, ಇನ್ನೊಬ್ಬ ಕಿಟಕಿಯಲ್ಲಿ ನಿಂತು ‘ಬಂತು, ಹೋಯ್ತು’ ಎಂದು ಕೂಗಬೇಕು. ಒಂದು ವಾರ ಕಥೆಯ ನಟ್ಟನಡುವೆ ಕರೆಂಟು ಹೋಯಿತು. ಪಕ್ಕದ ಊರಿನಲ್ಲಿ ಪೂರ್ತಿ ನೋಡಿದ್ದ ಚಿಕ್ಕಪ್ಪ ಮರುದಿನ ಬಂದು ಕೊನೆ ಹೇಳಿದರು. ಎಷ್ಟೋ ವರ್ಷಗಳ ನಂತರ ಜೇಮ್ಸ್ ಬ್ಲಿಷ್ ಬರೆದ ರೂಪಾಂತರದಲ್ಲಿ ಅದೇ ಕಥೆಯನ್ನು ಓದಿದಾಗ ವಿವರಗಳು ಬೇರೆಯೇ ಆಗಿದ್ದವು. ಚಿಕ್ಕಪ್ಪ ಸುಳ್ಳು ಹೇಳಿರಲಿಲ್ಲ. 1967ರಿಂದ ಈ ಮಾಲೆ ಬರೆದ ಬ್ಲಿಷ್‌ಗೆ ಆಧಾರವಾಗಿದ್ದದ್ದು ಚಿತ್ರಕಥೆಯ ಹಸ್ತಪ್ರತಿಗಳು, ಹಲವು ಬಾರಿ ಅಂತಿಮ ತಿದ್ದುಪಡಿಗೆ ಮೊದಲಿನವು. ಆದ್ದರಿಂದ ಪ್ರಸಾರದಲ್ಲಿ ಬದಲಾದದ್ದು ಪುಸ್ತಕದಲ್ಲಿ ಹಳೆಯ ರೂಪದಲ್ಲೇ ಉಳಿದುಬಿಟ್ಟಿದೆ. ಒಂದು ಪ್ರಸಿದ್ಧ ಕಂತಿನ ವಿಷಯದಲ್ಲಂತೂ ಅವರು ಹಾರ್ಲನ್ ಎಲಿಸನ್‌ರ ಮೂಲ ಚಿತ್ರಕಥೆಯನ್ನೂ ಪ್ರಸಾರವಾದ ಪಾಠವನ್ನೂ ಬೇಕೆಂದೇ ಬೆರೆಸಿದರು.

ಪುಸ್ತಕಗಳನ್ನು ಗೋಡೆಗೆ ತಾಗಿಸಿ ಇಡಬೇಡಿ. ಅಗ್ಗದ ಕಾಗದವಾದ್ದರಿಂದ ನಮ್ಮ ಕಕ್ಕಡ ತಿಂಗಳ ಥಂಡಿಗೆ ಒಂದೇ ವಾರದಲ್ಲಿ ಬೂಷ್ಟು ಹಿಡಿಯುತ್ತದೆ.

ಪ್ರಶ್ನೆ: ಟೈ-ಇನ್ ಕಾದಂಬರಿಗಳಲ್ಲಿ ನಡೆದದ್ದು ಮೂಲ ಕಥೆಯ ಭಾಗವೆಂದು ಲೆಕ್ಕವೇ? ಅವು ‘ಕ್ಯಾನನ್’ ಅಲ್ಲ, ಓದಿದರೆ ಸಮಯ ದಂಡ ಎಂದು ಗೆಳತಿ ವಾದಿಸುತ್ತಾಳೆ.
– ಪದವಿ ವಿದ್ಯಾರ್ಥಿನಿ, ವಿರಾಜಪೇಟೆ

ಉತ್ತರ: ನಿಮ್ಮ ಗೆಳತಿಯ ಮೊದಲ ಮಾತು ಬಹುಮಟ್ಟಿಗೆ ಸರಿ, ಎರಡನೆಯದು ತಪ್ಪು. ‘ಸ್ಟಾರ್ ಟ್ರೆಕ್’ನಲ್ಲಿ ಪರದೆಯ ಮೇಲೆ ಕಂಡದ್ದಕ್ಕೆ ಮಾತ್ರ ಮಾನ್ಯತೆ, ಕಾದಂಬರಿಕಾರರು ಪರದೆಗೆ ವಿರುದ್ಧವಾಗಿ ಬರೆಯುವಂತಿಲ್ಲ, ಪರದೆಯವರು ಕಾದಂಬರಿಗಳನ್ನು ಲೆಕ್ಕಿಸಬೇಕಾಗಿಲ್ಲ. ಈ ಏಕಮುಖ ಸಂಚಾರದ ಫಲವನ್ನು ಓದುಗರು ಇತ್ತೀಚೆಗೆ ಉಂಡರು. ‘ಡೀಪ್ ಸ್ಪೇಸ್ ನೈನ್’ ಸರಣಿ 1999ರಲ್ಲಿ ಮುಗಿದ ಮೇಲೆ ಅದರ ಮುಂದಿನ ಕಥೆಯನ್ನು 2001ರಿಂದ ಕಾದಂಬರಿಗಳು ಹೇಳತೊಡಗಿದವು. ಬೇರೆ ಬೇರೆ ಲೇಖಕರು ಒಬ್ಬರ ಎಳೆಯನ್ನೊಬ್ಬರು ಹಿಡಿದು, ಉಳಿದ ಸರಣಿಗಳ ಪಾತ್ರಗಳನ್ನೂ ಸೇರಿಸಿಕೊಂಡು, ಎರಡು ದಶಕಗಳ ಕಾಲ ಬೆಳೆಸಿದರು. 2020ರಲ್ಲಿ ‘ಪಿಕಾರ್ಡ್’ ಎಂಬ ಹೊಸ ಸರಣಿ ಬಂದು ಬೇರೆಯೇ ಭವಿಷ್ಯವನ್ನು ತೋರಿಸಿತು. ಅದರ ಮರುವರ್ಷ ಮೂವರು ಲೇಖಕರು ‘ಕೋಡಾ’ ಎಂಬ ಮೂರು ಸಂಪುಟಗಳಲ್ಲಿ ತಮ್ಮ ಕಾದಂಬರಿಲೋಕವನ್ನು ತಾವೇ ಮುಗಿಸಿದರು. ಸುಮ್ಮನೆ ಕೈಬಿಡುವ ಬದಲು ಕಥೆಯೊಳಗೇ ಅದಕ್ಕೊಂದು ಅಂತ್ಯ ಕಾಣಿಸಿದ್ದು ನನಗೆ ಮರ್ಯಾದೆಯ ಕೆಲಸವೆನಿಸುತ್ತದೆ.

ಆದರೆ ಬಾಗಿಲು ಪೂರ್ತಿ ಮುಚ್ಚಿಲ್ಲ. ‘ಸ್ಟಾರ್ ಟ್ರೆಕ್’ ನೌಕೆಯ ಚಾಲಕ ಸುಲು ಎಂಬಾತನಿಗೆ ‘ಹಿಕಾರು’ ಎಂಬ ಹೆಸರು ಕೊಟ್ಟದ್ದು ವೋಂಡಾ ಮ್ಯಾಕಿಂಟೈರ್ 1981ರಲ್ಲಿ ಬರೆದ ಕಾದಂಬರಿ. ಹತ್ತು ವರ್ಷಗಳ ನಂತರ, ಆರನೆಯ ಚಲನಚಿತ್ರದಲ್ಲಿ, ಆ ಹೆಸರು ಪರದೆಯ ಮೇಲೆ ಉಚ್ಚಾರವಾಯಿತು. ‘ಬ್ಯಾಬಿಲಾನ್ 5’ ಎಂಬ ಇನ್ನೊಂದು ಟಿವಿ ಧಾರಾವಾಹಿಯ ಸೃಷ್ಟಿಕರ್ತ ಸ್ಟ್ರಾಜಿನ್‌ಸ್ಕಿ, ಕ್ಯಾಥರಿನ್ ಡ್ರೆನನ್ 1997ರಲ್ಲಿ ಬರೆದ ಕಾದಂಬರಿಯನ್ನು ಕಥೆಯ ಅಧಿಕೃತ ಭಾಗವೆಂದೇ ಒಪ್ಪಿಕೊಂಡರು.

ಎಲ್ಲಕ್ಕಿಂತ ದೊಡ್ಡ ಉದಾಹರಣೆ ಮತ್ತೆ ‘ಡಾಕ್ಟರ್ ಹೂ’. 1989ರಲ್ಲಿ ಧಾರಾವಾಹಿ ನಿಂತಿತು. 1991ರಿಂದ 1997ರವರೆಗೆ ವರ್ಜಿನ್ ಪ್ರಕಾಶನ ‘ನ್ಯೂ ಅಡ್ವೆಂಚರ್ಸ್’ ಎಂಬ ಮಾಲೆಯಲ್ಲಿ 61 ಹೊಸ ಡಾಕ್ಟರ್ ಕಾದಂಬರಿಗಳನ್ನು ತಂದಿತು. ಅವುಗಳಲ್ಲಿ 1995ರದೊಂದು ಪಾಲ್ ಕಾರ್ನೆಲ್‌ರ ‘ಹ್ಯೂಮನ್ ನೇಚರ್’. ಕಾಲಯಾನಿಯಾದ ಡಾಕ್ಟರ್ ತಾನು ಯಾರೆಂಬುದನ್ನೇ ಮರೆತು, ಮೊದಲ ಮಹಾಯುದ್ಧದ ಹೊಸ್ತಿಲಲ್ಲಿರುವ ಇಂಗ್ಲೆಂಡಿನ ಹುಡುಗರ ಶಾಲೆಯೊಂದರಲ್ಲಿ ಸಾಮಾನ್ಯ ಮೇಷ್ಟ್ರಾಗಿ ಬದುಕುತ್ತಾನೆ, ಒಬ್ಬಾಕೆಯನ್ನು ಪ್ರೀತಿಸುತ್ತಾನೆ. ನೆನಪು ಮರಳಿದರೆ ಆ ಪ್ರೀತಿ ಉಳಿಯುವುದಿಲ್ಲ. 2007ರಲ್ಲಿ ಇದೇ ಕಥೆಯನ್ನು ಕಾರ್ನೆಲ್ ಸ್ವತಃ ಎರಡು ಕಂತುಗಳಾಗಿ ಬರೆದುಕೊಟ್ಟರು. ಧಾರಾವಾಹಿಯನ್ನು 2005ರಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದ ರಸೆಲ್ ಟಿ. ಡೇವಿಸ್ ಕೂಡ ಅದೇ ಮಾಲೆಗೆ 1996ರಲ್ಲಿ ಒಂದು ಕಾದಂಬರಿ ಬರೆದವರು. ಪರದೆ ಕತ್ತಲಾಗಿದ್ದ ವರ್ಷಗಳಲ್ಲಿ ಕೆಂಡದ ಮೇಲೆ ಬೂದಿ ಮುಚ್ಚಿ ಕಾಪಾಡಿದವು ಈ ಪುಸ್ತಕಗಳು. ಇನ್ನು ಅವು ಕ್ಯಾನನ್ ಹೌದೋ ಅಲ್ಲವೋ ಎಂಬುದು ನನಗೆ ದಾಯಾದಿಗಳ ಪಾಲುಪಟ್ಟಿಯ ಜಗಳದಂತೆ ಕಾಣುತ್ತದೆ.

ಪ್ರಶ್ನೆ: ಇವೆಲ್ಲ ಕಂಪನಿ ಹೇಳಿದಂತೆ ಕೂಲಿಗೆ ಬರೆದವಲ್ಲವೇ? ಸಾಹಿತ್ಯವೆಂದು ಚರ್ಚಿಸುವುದೇಕೆ?
– ನಿವೃತ್ತ ಅಧ್ಯಾಪಕರು, ಕುಶಾಲನಗರ

ಉತ್ತರ: ಕೂಲಿಗೆ ಬರೆದವು ಹೌದು. ಪಾತ್ರಗಳು ಹಕ್ಕುದಾರ ಸಂಸ್ಥೆಗೆ ಸೇರಿದವು; ಅನೇಕ ಬಾರಿ ಹಸ್ತಪ್ರತಿಯ ಕೃತಿಸ್ವಾಮ್ಯವೂ ಅದಕ್ಕೇ ಹೋಗುತ್ತದೆ. ಗಡುವು ಕಿರಿದು, ಮುಖ್ಯ ಪಾತ್ರವನ್ನು ಸಾಯಿಸುವಂತಿಲ್ಲ. ಇಷ್ಟರ ನಡುವೆ ಬರುವ ಪುಸ್ತಕಗಳಲ್ಲಿ ಜೊಳ್ಳೇ ಹೆಚ್ಚೆಂದು ನಾನೂ ಒಪ್ಪುತ್ತೇನೆ. ಆದರೆ ಬರೆದವರೆಲ್ಲ ಬೇರೆಲ್ಲೂ ಸಲ್ಲದವರೆಂದು ತಿಳಿಯಬೇಡಿ. ಬ್ಲಿಷ್ ಈ ಕೆಲಸಕ್ಕೆ ಕೈಹಾಕುವ ಮುಂಚೆಯೇ, 1959ರಲ್ಲಿ, ಸ್ವಂತ ಕಾದಂಬರಿಗೆ ವಿಜ್ಞಾನ ಕಥಾಸಾಹಿತ್ಯದ ಹ್ಯೂಗೊ ಪ್ರಶಸ್ತಿ ಪಡೆದಿದ್ದರು. ಮ್ಯಾಕಿಂಟೈರ್ 1979ರಲ್ಲಿ ಪಡೆದಿದ್ದರು.

ಪ್ರಶ್ನೆ: ‘ಸ್ಟಾರ್ ಟ್ರೆಕ್’ ನೌಕೆ ಪುಷ್ಪಗಿರಿಯ ತಪ್ಪಲಲ್ಲಿ ಇಳಿಯುವ ಕನ್ನಡ ಕಾದಂಬರಿಯೊಂದನ್ನು ಬರೆಯುತ್ತಿದ್ದೇನೆ. ಮೂರು ಅಧ್ಯಾಯಗಳನ್ನು ಲಗತ್ತಿಸಿದ್ದೇನೆ. ಅಚ್ಚು ಹಾಕಿಸಬಹುದೇ?
– ಯುವ ಬರಹಗಾರ, ಗೋಣಿಕೊಪ್ಪಲು

ಉತ್ತರ: ಹೀಗೆಯೇ ಹಾಕಿಸುವಂತಿಲ್ಲ. ಅನುವಾದಕ್ಕಾಗಲಿ ರೂಪಾಂತರಕ್ಕಾಗಲಿ ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕುದಾರರ ಅನುಮತಿ ಬೇಕು. ಅವರದೇ ನೌಕೆ, ಅವರದೇ ಅಧಿಕಾರಿಗಳನ್ನಿಟ್ಟು ಹೊಸ ಕಥೆ ಬರೆದು ಮಾರುವುದೂ ತಕರಾರಿಗೆ ದಾರಿ. ಅನುಮತಿ ಕೇಳುವುದಾದರೆ ಬರೆದು ಮುಗಿಸುವ ಮೊದಲೇ ಕೇಳಿ.

ನಿಮ್ಮ ಮೂರೂ ಅಧ್ಯಾಯಗಳನ್ನು ಓದಿದೆ. ಎರವಲು ತಂದದ್ದು ನೌಕೆಯ ಹೆಸರು ಮತ್ತು ಇಬ್ಬರು ಅಧಿಕಾರಿಗಳು, ಅಷ್ಟೇ. ಆ ಇಬ್ಬರೂ ನಿಮ್ಮ ಪುಟಗಳಲ್ಲಿ ಬಿಗಿದುಕೊಂಡು ನಿಂತಿದ್ದಾರೆ, ಯಾರದೋ ಮದುವೆಯಲ್ಲಿ ಯಾರದೋ ಕುಪ್ಯ ತೊಟ್ಟವರ ಹಾಗೆ. ನೌಕೆಯ ವೈದ್ಯೆ ಮಾತ್ರ ನಿಮ್ಮವಳು. ಎಲ್ಲ ಉಪಕರಣಗಳೂ ಸೋತ ಮೇಲೆ ಅವಳು ತೋಟದ ಕೂಲಿ ಲೈನಿನ ಹೆಂಗಸೊಬ್ಬಳಿಂದ ಸುಣ್ಣ ಇಸಿದುಕೊಂಡು ಕ್ಯಾಪ್ಟನ್ನನ ಕಾಲಿನ ಜಿಗಣೆ ಬಿಡಿಸುವ ಪುಟವನ್ನು ನಮ್ಮ ಕಚೇರಿಯಲ್ಲಿ ಎರಡು ಬಾರಿ ಗಟ್ಟಿಯಾಗಿ ಓದಿಸಿದೆವು. ಆ ಇಬ್ಬರನ್ನೂ ನೌಕೆಯ ಹೆಸರನ್ನೂ ಬದಲಿಸಿ, ನಾಲ್ಕನೆಯ ಅಧ್ಯಾಯವನ್ನು ಕಳುಹಿಸಿ.